ಎರಡನೇ ಗೇರ್ ಯಾಕೆ ಹಾರುತ್ತಿತ್ತು? ಒಂದು ಹಳೇ ಮಾರುತಿಯ ಗೇರ್‌ಬಾಕ್ಸ್ ಪ್ರಕರಣ

ಶಿರಸಿಯಿಂದ ಕುಮಟೆಗೆ ಇಳಿದವರಿಗೆಲ್ಲ ದೇವಿಮನೆ ಘಟ್ಟ ಗೊತ್ತು. ಮಳೆಗಾಲದಲ್ಲಿ ಅಲ್ಲಿಯ ತಿರುವುಗಳನ್ನು ಬರೀ ಬ್ರೇಕ್ ನೆಚ್ಚಿಕೊಂಡು ಇಳಿಯಬಾರದು. ಎರಡನೇ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಗಾಡಿ ಬಿಡಬೇಕು. ಈ ಪ್ರಕರಣದ ಕಾರಿಗೆ ಅದೇ ಆಗುತ್ತಿರಲಿಲ್ಲ. ತಿರುವು ಬಂತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಲಿವರ್ ಟಕ್ಕೆಂದು ನ್ಯೂಟ್ರಲ್ಲಿಗೆ ಹಾರುತ್ತಿತ್ತು. ಎಂಜಿನ್ನಿನ ಹಿಡಿತ ತಪ್ಪಿದ ಗಾಡಿ ಇಳಿಜಾರಿನಲ್ಲಿ ಮುಂದಕ್ಕೆ ನುಗ್ಗುತ್ತಿತ್ತು. ಹಿಂದಿನ ಸೀಟಿನಲ್ಲಿ ಯಜಮಾನರ ವಯಸ್ಸಾದ ತಾಯಿ ಕೂತಿರುತ್ತಿದ್ದರು, ತಿಂಗಳಿಗೊಮ್ಮೆ ಅವರನ್ನು ಕುಮಟೆಯ ಡಾಕ್ಟರಿಗೆ ತೋರಿಸಬೇಕಿತ್ತು.

ಮೋಟಾರು ಕೆಲಸ ಕಲಿಸುತ್ತಲೇ ಬಹಳ ವರ್ಷ ಕಳೆದವನು ನಾನು. ಈ ಗಾಡಿಯ ಗೇರ್‌ಬಾಕ್ಸನ್ನು ಮನೆಯಂಗಳದಲ್ಲೇ, ಗುಜರಿಯಿಂದ ತಂದ ಸಾಮಾನಿನಿಂದ ರಿಪೇರಿ ಮಾಡಿದ ಮೂರು ವಾರದಲ್ಲಿ ಆಗಾಗ ಹೋಗಿ ಜೊತೆಗಿದ್ದೆ. ಊರು, ಮನೆತನದ ಹೆಸರು ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳನ್ನಾಗಲಿ ನಾವು ಮಾಡಿದ ತಪ್ಪುಗಳನ್ನಾಗಲಿ ಬದಲಿಸಿಲ್ಲ.

ಗಾಡಿ ಮತ್ತು ಮನೆ

ಯಜಮಾನರಿಗೆ ಐವತ್ತು ದಾಟಿದೆ. ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ ಅಡಿಕೆ ತೋಟ, ನಾಲ್ಕು ದನ. ತಮ್ಮನ ಮಗ ಐಟಿಐ ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲೇ ಇದ್ದ. ಅವನನ್ನು ಹುಡುಗ ಎಂದೇ ಕರೆಯುತ್ತೇನೆ.

ಗಾಡಿ 2005ರ ಮಾರುತಿ 800, ನಾಲ್ಕು ಗೇರಿನದು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಈ ಮಾಡೆಲ್‌ನ ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಗಾಡಿ ನಿಂತು ಇಷ್ಟು ವರ್ಷವಾದರೂ ಬೇರಿಂಗು, ಸೀಲು, ಪಿತ್ತಾಳೆ ರಿಂಗು ಅಂಗಡಿಯಲ್ಲಿ ಈಗಲೂ ಸಿಗುತ್ತವೆ. ಗೇರುಗಳನ್ನು ಮಾತ್ರ ಹೊಸದಾಗಿ ಒಂದೊಂದೇ ಕೊಳ್ಳಲು ಹೊರಟರೆ ಲೆಕ್ಕ ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ. ಪೇಟೆಯ ಗ್ಯಾರೇಜೊಂದರಲ್ಲಿ ಪೂರ್ತಿ ರಿಪೇರಿಗೆ 22 ಸಾವಿರ ಹೇಳಿದ್ದರು. ಗಾಡಿ ಮಾರಿದರೆ 45 ಸಾವಿರ ಬಂದರೆ ಹೆಚ್ಚು. ಗ್ಯಾರೇಜಿನವರು ಹೇಳಿದ್ದು ದುಬಾರಿ ಅಂತ ನನಗೇನೂ ಅನಿಸಲಿಲ್ಲ, ನಾಲ್ಕು ದಿನದ ಕೆಲಸ ಅದು. ಆದರೆ ಆ ವರ್ಷ ಕೊಳೆರೋಗಕ್ಕೆ ತೋಟದ ಫಸಲು ಅರ್ಧ ಉದುರಿತ್ತು. ಯಜಮಾನರ ಹತ್ತಿರ ಹಣ ಇರಲಿಲ್ಲ, ಹುಡುಗನ ಹತ್ತಿರ ಹೊತ್ತು ಬೇಕಾದಷ್ಟಿತ್ತು. ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಯಿತು.

ಬಿಚ್ಚುವ ಮೊದಲು

ಗೇರ್ ಹಾರುತ್ತದೆ ಅಂದ ಕೂಡಲೇ ಬಾಕ್ಸಿಗೆ ಪಾನಾ ಹಾಕಬಾರದು. ಬಾಕ್ಸಿನ ಹೊರಗೇ ಇರುವ ಕಾರಣಗಳು ಹಲವು. ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೌಂಟಿನ ರಬ್ಬರ್ ಹರಿದಿದ್ದರೆ ಕಾಲು ತೆಗೆದಾಗ ಎಂಜಿನ್ನೂ ಬಾಕ್ಸೂ ಒಟ್ಟಿಗೆ ಜಗ್ಗಿ ಗೇರ್ ರಾಡನ್ನು ಎಳೆಯುತ್ತವೆ. ಗೇರ್ ರಾಡಿನ ಬುಷ್ ಸವೆದಿದ್ದರೆ ಲಿವರ್ ಪೂರ್ತಿ ಹೋದಂತೆ ಕಂಡರೂ ಒಳಗೆ ಗೇರ್ ಅರ್ಧವೇ ಕೂತಿರುತ್ತದೆ. ಇವೆರಡನ್ನೂ ನೋಡಿದೆವು. ಮೌಂಟ್ ಗಟ್ಟಿಯಿತ್ತು. ಬುಷ್ ಸ್ವಲ್ಪ ಸಡಿಲವಿತ್ತು, ಹೊಸದು ಹಾಕಿದೆವು. ಗೇರ್ ಹಾರುವುದು ನಿಲ್ಲಲಿಲ್ಲ.

ಗಾಡಿಗೆ ಇನ್ನೂ ಎರಡು ದೂರುಗಳಿದ್ದವು. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಎಂದು ಹಲ್ಲು ತಿನ್ನುವ ಸದ್ದು. ನಿಂತ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗ ಒಂದು ಗೊರಗೊರ, ಕ್ಲಚ್ ಒತ್ತಿದರೆ ಅದು ನಿಲ್ಲುತ್ತಿತ್ತು. ಈ ಎರಡನೆಯದು ಬಹಳ ಉಪಯೋಗದ ಗುರುತು. ಕ್ಲಚ್ ಒತ್ತಿದಾಗ ಇನ್‌ಪುಟ್ ಶಾಫ್ಟ್, ಅಂದರೆ ಎಂಜಿನ್ನಿನ ಸುತ್ತನ್ನು ಬಾಕ್ಸಿನೊಳಕ್ಕೆ ತರುವ ಶಾಫ್ಟ್, ತಿರುಗುವುದು ನಿಲ್ಲುತ್ತದೆ. ಜೊತೆಗೇ ಸದ್ದೂ ನಿಂತರೆ ತೊಂದರೆ ಆ ಶಾಫ್ಟಿನ ಬೇರಿಂಗಿನಲ್ಲಿದೆ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು, ಬಾಕ್ಸಿನ ತಪ್ಪಲ್ಲ.

ಬಾಕ್ಸಿನ ಆಯಿಲ್ ಬಸಿದು ಬೋಗುಣಿಗೆ ಹಿಡಿದೆವು. ಬಿಸಿಲಿಗೆ ಹಿಡಿದರೆ ಅರಿಸಿನದ ಪುಡಿ ಕಲಸಿದಂತೆ ಮಿನುಗುತ್ತಿತ್ತು. ಪಿತ್ತಾಳೆಯ ಪುಡಿ ಅದು, ಗೇರ್ ಕೂಡುವಾಗ ವೇಗ ಸಮ ಮಾಡುವ ಸಿಂಕ್ರೋ ರಿಂಗು ಸವೆದದ್ದು. ಹಿಂದೆ ಒಮ್ಮೆ ಜೀಪಿಗೆಂದು ತಂದ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ) ಆಯಿಲನ್ನೇ ಇದಕ್ಕೂ ಹಾಕಿದ್ದು ಯಜಮಾನರಿಗೆ ಆಗ ನೆನಪಾಯಿತು. ಆ ಆಯಿಲ್ ಜಿಎಲ್-5 ದರ್ಜೆಯದು, ಈ ಬಾಕ್ಸಿಗೆ ಬೇಕಾದದ್ದು ಜಿಎಲ್-4. ಡಬ್ಬಿಯ ಮೇಲೆ ಎರಡರಲ್ಲೂ 80ಡಬ್ಲ್ಯೂ-90 ಎಂದೇ ಬರೆದಿರುತ್ತದೆ. ಆ ಅಂಕಿ ಹೇಳುವುದು ಆಯಿಲಿನ ದಪ್ಪವನ್ನು ಮಾತ್ರ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಜೀಪಿನಂಥ ಗಾಡಿಯ ಡಿಫರೆನ್ಷಿಯಲ್ಲಿನ ಉಕ್ಕಿನ ಹಲ್ಲಿಗೆ ಅದು ಬೇಕು, ಪಿತ್ತಾಳೆಗೆ ಒಳ್ಳೆಯದಲ್ಲ.

ಬಸಿದ ಆಯಿಲನ್ನು ಕ್ಯಾನಿಗೆ ತುಂಬಿಸಿ ಪೇಟೆಗೆ ಸಾಗಿಸಿದೆವು. ತೋಟದ ಕಾಲುವೆ ಮನೆಯ ಕೆಳಗೇ ಹರಿಯುತ್ತದೆ, ಬಾವಿಯೂ ಅಲ್ಲೇ ಇದೆ. ಹಳ್ಳಿಮನೆಯಲ್ಲಿ ಗಾಡಿ ಕೆಲಸ ಮಾಡುವವರು ಪಾನಾ ಹಿಡಿಯುವ ಮೊದಲೇ ಈ ವ್ಯವಸ್ಥೆ ಮಾಡಿಕೊಳ್ಳಬೇಕು.

ಚಿರೇಕಲ್ಲು

ಎರಡನೇ ದಿನ ನಾನು ಹೋದಾಗ ಗಾಡಿಯ ಮುಂಭಾಗ ಎದ್ದು ನಿಂತಿತ್ತು. ಕೆಳಗೆ ಜಾಕು, ಎರಡೂ ಕಡೆ ಮೂರು ಮೂರು ಚಿರೇಕಲ್ಲು. ಹುಡುಗ ಅಡಿಯಲ್ಲಿ ಮಲಗಿ ಡ್ರೈವ್ ಶಾಫ್ಟಿನ ಕೆಲಸದಲ್ಲಿದ್ದ. ಅವನನ್ನು ಹೊರಗೆ ಕರೆದು, ಒಂದು ಕಲ್ಲಿನ ಮೂಲೆಗೆ ಪಾನಾದಿಂದ ತಟ್ಟಿದೆ. ಅಂಗೈಯಗಲದ ಚೆಕ್ಕೆ ಕಿತ್ತುಬಂತು. ಚಿರೇಕಲ್ಲು ಗೋಡೆಯ ಹರವಾದ ಭಾರ ತಾಳುತ್ತದೆ. ಕಾರಿನ ಚಾಸಿಯ ಅಂಚು ಒಂದೇ ಗೆರೆಯಲ್ಲಿ ಒತ್ತಿದರೆ, ಅದೂ ಮಳೆಯಲ್ಲಿ ನೆನೆದಿದ್ದರೆ, ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಎಲ್ಲದಕ್ಕೂ ಇದೇ ಮಾತು.

ಕೆಲಸ ನಿಲ್ಲಿಸಿದೆವು. ಕೊಟ್ಟಿಗೆಯ ಹಿಂದೆ ಹಳೇ ಮತ್ತಿ ಮರದ ತೊಲೆ ಬಿದ್ದಿತ್ತು. ಅದನ್ನು ಕೊಯ್ದು, ಅಡ್ಡಡ್ಡ ಪೇರಿಸಿ ಎರಡು ಅಟ್ಟಣೆ ಮಾಡಿದೆವು. ಉಳಿದ ತುಂಡನ್ನು ಎರಡೂ ಮಡ್‌ಗಾರ್ಡುಗಳ ಮೇಲೆ ಗೋಣಿಚೀಲ ಹಾಸಿ ಅಡ್ಡಕ್ಕೆ ಇಟ್ಟು, ಎಂಜಿನ್ನನ್ನು ಸರಪಳಿಯಿಂದ ಅದಕ್ಕೆ ತೂಗು ಹಾಕಿದೆವು. ಬಾಕ್ಸ್ ಕಳಚಿದ ಮೇಲೆ ಎಂಜಿನ್ನಿಗೆ ಆ ಬದಿಯ ಆಸರೆ ಇರುವುದಿಲ್ಲ. ಅರ್ಧ ದಿನ ಹೋಯಿತು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ನಾವು ತೆಗೆದುಕೊಳ್ಳಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ.

ಬಾಕ್ಸ್ ಹೊರಬರುವ ಹೊತ್ತಿಗೆ ಹುಡುಗನಿಗೆ ಅವಸರ. ಬೋಲ್ಟ್ ಎಲ್ಲ ಬಿಚ್ಚಿದರೂ ಬಾಕ್ಸ್ ಕಚ್ಚಿಕೊಂಡಿತ್ತು. ಅವನು ಸುತ್ತಿಗೆಗೆ ಕೈ ಹಾಕಿದ. “ಜಪ್ಪಡ ತಮಾ, ಎಲ್ಲೋ ಒಂದು ಬೋಲ್ಟ್ ಉಳದ್ದು ನೋಡು” ಅಂದರು ಯಜಮಾನರು. ಉಳಿದೇ ಇತ್ತು, ಸ್ಟಾರ್ಟರಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ. ಅಲ್ಯೂಮಿನಿಯಂ ಕೇಸಿಗೆ ಸುತ್ತಿಗೆ ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಒಳಗೆ ಕಂಡದ್ದು

ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಟಾರ್ಪಾಲು ಹಾಸಿ, ಅದರ ಮೇಲೆ ಒಣಗಿದ ಅಡಿಕೆ ಹಾಳೆಗಳನ್ನು ಸಾಲಾಗಿ ಇಟ್ಟೆವು. ಇನ್‌ಪುಟ್ ಶಾಫ್ಟಿನ ಸಾಮಾನಿಗೆ ಒಂದು ಹಾಳೆ, ಅದರಿಂದ ಶಕ್ತಿ ಪಡೆದು ಡಿಫರೆನ್ಷಿಯಲ್ಲಿಗೆ ದಾಟಿಸುವ ಕೌಂಟರ್ ಶಾಫ್ಟಿನದಕ್ಕೆ ಒಂದು, ಫೋರ್ಕುಗಳಿಗೆ ಒಂದು, ಡಿಫರೆನ್ಷಿಯಲ್ಲಿಗೆ ಒಂದು. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುವುದು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ. ಹಾಳೆಯ ಅಂಚು ಮಡಚಿರುವುದರಿಂದ ಚಿಕ್ಕ ಗುಂಡು, ಸ್ಪ್ರಿಂಗು ಉರುಳಿ ಹೋಗುವುದಿಲ್ಲ. ಇಷ್ಟು ಒಳ್ಳೆಯ ತಟ್ಟೆ ನಾನು ವರ್ಕ್‌ಶಾಪಿನಲ್ಲೂ ಕಂಡಿಲ್ಲ.

ಕೆಲಸ ಮಾಡದವರಿಗಾಗಿ ಒಂದೆರಡು ಮಾತು. ಇಂಥ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ತಮ್ಮ ಜೊತೆಯ ಗೇರಿನ ಹಲ್ಲುಗಳಲ್ಲಿ ಕೂಡಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಗೇರ್ ಶಾಫ್ಟಿಗೆ ಬಿಗಿಯಾಗಿರುತ್ತದೆ, ಇನ್ನೊಂದು ಶಾಫ್ಟಿನ ಮೇಲೆ ಸುಮ್ಮನೆ ತಿರುಗುತ್ತಿರುತ್ತದೆ. ನಾವು ಲಿವರ್ ಎಳೆದಾಗ ಫೋರ್ಕ್ ಹೋಗಿ ಒಂದು ಸ್ಲೀವನ್ನು ಸರಿಸುತ್ತದೆ, ಸ್ಲೀವ್ ಆ ಸುಮ್ಮನೆ ತಿರುಗುವ ಗೇರಿನ ಪಕ್ಕದ ಚಿಕ್ಕ ಹಲ್ಲುಗಳನ್ನು ಹಿಡಿದು ಶಾಫ್ಟಿಗೆ ಕಟ್ಟುತ್ತದೆ. ಎರಡರ ವೇಗ ಬೇರೆ ಬೇರೆ ಇರುವಾಗ ಕಟ್ಟಲು ಹೋದರೆ ಕರ್ರ್ ಎನ್ನುತ್ತದೆ. ಹಾಗಾಗದಂತೆ ನಡುವೆ ಒಂದು ಪಿತ್ತಾಳೆ ರಿಂಗು ಗೇರಿನ ಕೋನಿಗೆ ಉಜ್ಜಿ ವೇಗ ಸಮ ಮಾಡುತ್ತದೆ. ಅದೇ ಸಿಂಕ್ರೋ ರಿಂಗು. ಸ್ಲೀವ್ ಹೋಗಿ ಕೂತ ಮೇಲೆ ಫೋರ್ಕಿನ ರಾಡನ್ನು ಒಂದು ಉಕ್ಕಿನ ಗುಂಡು ಸ್ಪ್ರಿಂಗಿನ ಒತ್ತಡದಿಂದ ತೋಡಿನಲ್ಲಿ ಹಿಡಿದಿಡುತ್ತದೆ.

ರಿಂಗನ್ನು ಗೇರಿನ ಕೋನಿಗೆ ಕೈಯಲ್ಲೇ ಒತ್ತಿ, ರಿಂಗಿಗೂ ಗೇರಿನ ಚಿಕ್ಕ ಹಲ್ಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳಲ್ಲಿ, ಅಳೆಯಬೇಕು. ಅರ್ಧ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ರಿಂಗ್ ಮುಗಿದಂತೆ. ಎರಡನೇ ಗೇರಿನದು 0.2 ಇತ್ತು, ಮೂರನೆಯದು 0.4. ಎರಡನೇ ಗೇರಿನ ಚಿಕ್ಕ ಹಲ್ಲುಗಳ ಮೂತಿ ಮೊಂಡಾಗಿ, ಬದಿ ಇಳಿಜಾರಾಗಿತ್ತು. ಹೊಸ ಹಲ್ಲಿನ ಬದಿ ಹಿಂದಕ್ಕೆ ಸ್ವಲ್ಪವೇ ಸ್ವಲ್ಪ ಕಿರಿದಾಗುತ್ತಾ ಹೋಗುತ್ತದೆ, ಭಾರ ಬಿದ್ದಷ್ಟೂ ಸ್ಲೀವ್ ಒಳಕ್ಕೆ ಎಳೆದುಕೊಳ್ಳಲಿ ಎಂದು. ಇಲ್ಲಿ ಆ ಆಕಾರವೇ ಅಳಿಸಿಹೋಗಿತ್ತು. ಭಾರ ಬಿದ್ದರೆ ಸ್ಲೀವ್ ಹೊರಕ್ಕೆ ಜಾರುವುದೇ.

“ಸಿಕ್ತು ಮಾಸ್ತರ್ರೆ” ಅಂದ ಹುಡುಗ. ನನಗೂ ಹಾಗೇ ಅನಿಸಿತು. ಹಲ್ಲು ಸವೆದಿದೆ, ಅದಕ್ಕೇ ಗೇರ್ ಹಾರುತ್ತಿದೆ. ಆ ಹಲ್ಲು ಯಾಕೆ ಅಷ್ಟು ಸವೆಯಿತು ಎಂದು ಆ ಸಂಜೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗುಜರಿಯ ಬಾಕ್ಸು

ಹುಬ್ಬಳ್ಳಿಯ ಗುಜರಿಯಿಂದ 4,500 ರೂಪಾಯಿಗೆ ಒಂದು ಇಡೀ ಬಾಕ್ಸ್ ಬಂತು. ಆಕ್ಸಿಡೆಂಟ್ ಆದ ಗಾಡಿಯದು, ಹೆಚ್ಚು ಓಡಿಲ್ಲ ಎಂದು ಕೊಟ್ಟಿದ್ದರು. ಹುಡುಗ ಅಂಗಡಿಯಲ್ಲಿ ಶಾಫ್ಟ್ ತಿರುಗಿಸಿ ನೋಡಿದ್ದ, ತಿರುಗಿತ್ತು. ಆಯಿಲಿನ ಬೋಲ್ಟ್ ಬಿಚ್ಚಿ ನೋಡಿರಲಿಲ್ಲ.

ಮನೆಗೆ ತಂದು ಬಿಚ್ಚಿದಾಗ ಮೊದಲು ಬಂದದ್ದು ಆಯಿಲಲ್ಲ, ನೀರು. ಆಮೇಲೆ ಹಾಲು ಹಾಕಿದ ಚಹದಂಥ ಲೋಳೆ. ನೆರೆಯಲ್ಲಿ ಮುಳುಗಿದ ಗಾಡಿಯ ಬಾಕ್ಸ್ ಹೀಗಿರುತ್ತದೆ, ಮೇಲಿನ ಗಾಳಿತೂತಿನಿಂದ ನೀರು ಒಳಗಿಳಿದಿರುತ್ತದೆ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಮೂರೂ ಉಕ್ಕಿದಾಗ ಮುಳುಗಿ ಗುಜರಿ ಸೇರಿದ ಗಾಡಿಗಳನ್ನು ನಾನು ಕಂಡಿದ್ದೇನೆ. ಇದು ಎಲ್ಲಿಯದೋ ಗೊತ್ತಿಲ್ಲ. ವಾಪಸು ಕೊಡುವ ಮಾತಂತೂ ಇರಲಿಲ್ಲ. ಹುಡುಗ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವಂತೆ.

ಮರುದಿನ ಅದನ್ನು ಪೂರ್ತಿ ಬಿಚ್ಚಿ ಡೀಸೆಲಿನಲ್ಲಿ ತೊಳೆದು ನೋಡಿದರೆ ಆಸೆ ಮರಳಿತು. ನೀರು ಆಯಿಲಿಗಿಂತ ಭಾರ, ತಳಕ್ಕೆ ಹೋಗಿ ನಿಲ್ಲುತ್ತದೆ. ತಳದಲ್ಲಿರುವುದು ಡಿಫರೆನ್ಷಿಯಲ್. ಅದರ ದೊಡ್ಡ ಹಲ್ಲುಚಕ್ರದ ಕೆಳಗಿನ ಭಾಗ ತುಕ್ಕು ತಿಂದು ಸಿಡುಬಿನ ಕಲೆಯಂತಾಗಿತ್ತು. ನೀರು ನಿಂತ ಮಟ್ಟ ಕೇಸಿನ ಒಳಗೋಡೆಯ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು. ಆ ಗೆರೆಯ ಮೇಲಿದ್ದ ಗೇರುಗಳು ಆಯಿಲಿನ ಪೊರೆಯಲ್ಲಿ ಉಳಿದುಕೊಂಡಿದ್ದವು. ಚಿಕ್ಕ ಹಲ್ಲುಗಳ ಮೂತಿ ಚೂಪಾಗಿತ್ತು, ರಿಂಗಿನ ಸಂದು 0.9 ಇತ್ತು. ಬಾಕ್ಸ್ ಹೆಚ್ಚು ಓಡಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ.

ಎರಡೂ ಬಾಕ್ಸಿನ ಪ್ರತಿ ಗೇರಿನ ಹಲ್ಲು ಎಣಿಸಿದೆವು, ಎಲ್ಲ ಒಂದೇ. ಹೊರಗಿನಿಂದ ಒಂದೇ ಥರ ಕಾಣುವ ಬಾಕ್ಸುಗಳಲ್ಲೂ ಹಲ್ಲಿನ ಲೆಕ್ಕ ಬೇರೆ ಇರಬಹುದು, ಆದ್ದರಿಂದ ಎಣಿಸದೆ ಮುಂದೆ ಹೋಗಬಾರದು. ಬೇರಿಂಗುಗಳನ್ನು, ಸೀಲುಗಳನ್ನು, ಸಾಮಾನು ಶಾಫ್ಟಿನಿಂದ ಜಾರದಂತೆ ಹಿಡಿಯುವ ಸರ್ಕ್ಲಿಪ್ಪುಗಳನ್ನು ಗುಜರಿಯದ್ದು ಹಾಕುವುದಿಲ್ಲ ಎಂದು ಮೊದಲೇ ಗೆರೆ ಎಳೆದುಕೊಂಡೆವು. ಒಮ್ಮೆ ನೀರು ಕಂಡ ಬೇರಿಂಗ್ ಕೈಯಲ್ಲಿ ನುಣ್ಣಗೆ ತಿರುಗಿದರೂ ಭಾರಕ್ಕೆ ಬಾಳುವುದಿಲ್ಲ.

ಮೊದಲ ಜೋಡಣೆ

ಇಲ್ಲಿ ನಾವು ಆಸೆಗೆ ಬಿದ್ದೆವು. ಮೊಂಡಾದದ್ದು ಎರಡನೇ ಗೇರ್ ಒಂದೇ ತಾನೆ? ಕೌಂಟರ್ ಶಾಫ್ಟಿನ ಮೇಲೆ ಸುಮ್ಮನೆ ತಿರುಗುವ ಆ ಗೇರನ್ನು ಮಾತ್ರ ಗುಜರಿ ಬಾಕ್ಸಿನಿಂದ ತೆಗೆದು ಹಾಕಿದರೆ ಸಾಕು, ಉಳಿದ ಗೇರುಗಳನ್ನೆಲ್ಲ ಬದಲಿಸುವ ಕೆಲಸ ತಪ್ಪುತ್ತದೆ. ಎರಡನೇ ಗೇರಿಗೂ ಮೂರನೆಯದಕ್ಕೂ ಹೊಸ ಪಿತ್ತಾಳೆ ರಿಂಗು, ಹೊಸ ಬೇರಿಂಗು, ಹೊಸ ಸೀಲು. ಸ್ಲೀವು, ಫೋರ್ಕು, ಸ್ಪ್ರಿಂಗು ನೋಡಲು ಚೆನ್ನಾಗಿದ್ದವು, ಹಳೆಯದ್ದೇ ಉಳಿದವು. ಅವನ್ನು ನೋಡಿದೆವು, ಅಳೆಯಲಿಲ್ಲ.

ಹೊಸ ರಿಂಗುಗಳನ್ನು ಒಂದು ರಾತ್ರಿ ಗೇರ್ ಆಯಿಲಿನಲ್ಲಿ ನೆನೆಸಿಟ್ಟು ಹಾಕಿದೆವು. ಕೇಸಿನ ಎರಡು ಹೋಳುಗಳನ್ನು ಪೇಸ್ಟ್ ಹಚ್ಚಿ ಕೂಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಆಯಿಲನ್ನು ಲೆವೆಲ್ ತೂತಿನಿಂದ ಹೊರಸೂಸುವವರೆಗೆ ತುಂಬಿದೆವು. ಗಾಡಿ ಹೊರಟಿತು. ಕರ್ರ್ ಸದ್ದು ಪೂರ್ತಿ ಮಾಯ. ನಿಂತಾಗಿನ ಗೊರಗೊರವೂ ಇಲ್ಲ. ಹುಡುಗನ ಮುಖ ನೋಡಬೇಕಿತ್ತು.

ಆದರೆ ಎರಡನೇ ಗೇರಿನಲ್ಲಿ ಸಣ್ಣಗೆ ಊಳಿಡುವ ಒಂದು ಸದ್ದು ಹೊಸದಾಗಿ ಶುರುವಾಗಿತ್ತು. ನಾಲ್ಕು ದಿನ ಬಿಟ್ಟು ದೇವಿಮನೆ ಇಳಿಯುವಾಗ, ಮೂರನೇ ತಿರುವಿನಲ್ಲಿ, ಗೇರ್ ಮತ್ತೆ ಹಾರಿತು. ಪುಣ್ಯಕ್ಕೆ ತಾಯಿ ಗಾಡಿಯಲ್ಲಿರಲಿಲ್ಲ.

ಯಜಮಾನರ ಎಡಗೈ

ಆ ಸದ್ದು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿರಬೇಕಿತ್ತು. ವರ್ಷಗಟ್ಟಲೆ ಜೊತೆಯಾಗಿ ತಿರುಗಿದ ಎರಡು ಗೇರುಗಳು ಒಂದರ ಹಲ್ಲಿಗೆ ಇನ್ನೊಂದು ಒಗ್ಗಿ ಸವೆದಿರುತ್ತವೆ. ನಾವು ಒಂದನ್ನು ಬದಲಿಸಿ ಅದರ ಜೊತೆಯದನ್ನು ಹಳೆಯದೇ ಬಿಟ್ಟಿದ್ದೆವು. ಹಾರುವುದಕ್ಕೆ ಮಾತ್ರ ಕಾರಣ ತಿಳಿಯಲಿಲ್ಲ. ಹಲ್ಲು ಚೂಪಾಗಿದೆ, ರಿಂಗು ಹೊಸದು.

ಯಜಮಾನರ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ರಸ್ತೆ ನೋಡದೆ ಅವರ ಕೈಕಾಲನ್ನೇ ನೋಡುತ್ತಿದ್ದೆ. ಎರಡನೇ ಗೇರ್ ಹಾಕಿದ ಮೇಲೆ ಅವರ ಎಡಗೈ ಲಿವರ್ ಬಿಡಲಿಲ್ಲ. ಗುಂಡಿಯ ಮೇಲೆ ಅಂಗೈ, ಮಣಿಕಟ್ಟಿನಿಂದ ಹಿಂದಕ್ಕೆ ಒತ್ತಿ ಹಿಡಿದ ಹಾಗೆ, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು. ಕೇಳಿದೆ.

“ಹಾರ್ತದಲ್ಲ ಮಾಸ್ತರ್ರೆ, ಅದಕ್ಕೇ ಹಿಡ್ಕಂಬುದು.”

ಎಷ್ಟು ವರ್ಷದಿಂದ?

“ಮೊದಲಿಂದ್ಲೂ ಕೈ ಅಲ್ಲೇ. ಹಾರೂಕೆ ಶುರುವಾದ ಮೇಲೆ ಗಟ್ಟಿ ಹಿಡಿತಿದ್ದೆ.”

ಲಿವರಿನ ಮೇಲೆ ಕೈಯಿಟ್ಟರೆ ಆ ಭಾರ ರಾಡಿನ ಮೂಲಕ ನೇರ ಫೋರ್ಕಿಗೆ ಹೋಗುತ್ತದೆ. ಫೋರ್ಕ್ ನಿಂತಲ್ಲೇ ನಿಂತಿರುವ ಸಾಮಾನು, ಸ್ಲೀವ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದ್ದು. ಗೇರ್ ಬದಲಿಸುವ ಆ ಒಂದು ಗಳಿಗೆ ಬಿಟ್ಟರೆ ಅವೆರಡು ಒಂದನ್ನೊಂದು ಒತ್ತಬಾರದು. ಇಲ್ಲಿ ಹತ್ತು ವರ್ಷ ಒತ್ತುತ್ತಲೇ ಇದ್ದವು. ಫೋರ್ಕಿನ ತುದಿ ಸವೆಯಿತು. ತುದಿ ಸವೆದ ಫೋರ್ಕ್ ಸ್ಲೀವನ್ನು ಪೂರ್ತಿ ಒಳಕ್ಕೆ ದೂಡಲಿಲ್ಲ. ಅರ್ಧ ಕೂತ ಸ್ಲೀವ್ ಹಲ್ಲಿನ ಮೂತಿಯನ್ನಷ್ಟೇ ಹಿಡಿಯಿತು, ಹಲ್ಲು ಮೊಂಡಾಯಿತು, ಗೇರ್ ಹಾರಿತು. ಹಾರಿದ್ದಕ್ಕೆ ಯಜಮಾನರು ಇನ್ನೂ ಗಟ್ಟಿಯಾಗಿ ಹಿಡಿದರು, ಫೋರ್ಕ್ ಇನ್ನೂ ಬೇಗ ಸವೆಯಿತು. ಮೊಂಡಾದ ಹಲ್ಲನ್ನು ನಾವು ಕಳ್ಳನೆಂದು ಹಿಡಿದಿದ್ದೆವು. ಅದು ಪೆಟ್ಟು ತಿಂದದ್ದು.

ಎರಡನೇ ಸಲ

ಬಾಕ್ಸ್ ಮತ್ತೆ ಇಳಿಯಿತು. ಈ ಸಲ ಕೆಲಸದ ಮೊದಲ ದಿನ ಇಡೀ ಬರೀ ಅಳತೆ. ಫೋರ್ಕಿಗೂ ಸ್ಲೀವಿನ ತೋಡಿಗೂ ನಡುವಿನ ಸಂದು ನಮ್ಮ ಬಾಕ್ಸಿನಲ್ಲಿ 1.2 ಮಿಲಿಮೀಟರ್, ಗುಜರಿ ಬಾಕ್ಸಿನಲ್ಲಿ 0.4. ಕಣ್ಣಿಗೆ ಎರಡೂ ಫೋರ್ಕ್ ಒಂದೇ ಥರ ಕಾಣುತ್ತವೆ. ಸ್ಪ್ರಿಂಗುಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅದೇ ಜಾಗದ ಗುಜರಿ ಸ್ಪ್ರಿಂಗಿನ ಜೊತೆ ಹೋಲಿಸಿದೆವು. ಒಂದು ಮತ್ತು ಎರಡನೇ ಗೇರಿನ ರಾಡನ್ನು ಹಿಡಿಯುವ ನಮ್ಮ ಸ್ಪ್ರಿಂಗು ಒಂದೂವರೆ ಮಿಲಿಮೀಟರಿನಷ್ಟು ಗಿಡ್ಡವಾಗಿತ್ತು.

ಇನ್ನು ಗೇರುಗಳದ್ದು. ಜೋಡಿ ಒಡೆಯಬಾರದು ಎಂದರೆ ಏನೇನು ಜೋಡಿ ಎಂದು ಮೊದಲು ತಿಳಿಯಬೇಕು. ಹುಡುಗ ಒಂದು ಪಟ್ಟಿಯ ಹಾಳೆಯಲ್ಲಿ ಚಿತ್ರ ಬರೆದ. ಒಂದು ಮತ್ತು ಎರಡನೇ ಗೇರಿನ ಜೊತೆಯವು ಇನ್‌ಪುಟ್ ಶಾಫ್ಟಿನಲ್ಲೇ ಕಡೆದಿರುವಂಥವು, ಬೇರೆಯಾಗಿ ಬರುವುದಿಲ್ಲ. ಆದ್ದರಿಂದ ಗುಜರಿಯ ಇನ್‌ಪುಟ್ ಶಾಫ್ಟ್ ಇಡೀ ಬರಬೇಕು. ಅದು ಬಂದರೆ ಕೌಂಟರ್ ಶಾಫ್ಟಿನ ಮೇಲಿನ ಎಲ್ಲ ಗೇರುಗಳೂ ಗುಜರಿಯದ್ದೇ ಆಗಬೇಕು. ಹಾಗಾದರೆ ಕೌಂಟರ್ ಶಾಫ್ಟನ್ನೂ ತಂದರೇನು? ಅದರ ತುದಿಯಲ್ಲಿ ಕಡೆದಿರುವ ಚಿಕ್ಕ ಹಲ್ಲುಚಕ್ರ ಡಿಫರೆನ್ಷಿಯಲ್ಲಿನ ದೊಡ್ಡ ಚಕ್ರದ ಜೋಡಿ. ಗುಜರಿಯ ದೊಡ್ಡ ಚಕ್ರವನ್ನು ತುಕ್ಕು ತಿಂದಿದೆ. ನಮ್ಮದು ಚೆನ್ನಾಗಿದೆ, ಅದು ನಮ್ಮ ಕೌಂಟರ್ ಶಾಫ್ಟಿನ ಜೊತೆ ಒಗ್ಗಿದೆ.

ಬಹಳ ಹೊತ್ತು ಚಿತ್ರವನ್ನೇ ನೋಡುತ್ತಿದ್ದ ಹುಡುಗ, “ದೊಡ್ಡಪ್ಪ, ಶಾಫ್ಟ್ ನಮ್ದೇ ಇರ್ಲಿ. ಗೇರ್ ಅಷ್ಟೂ ಅದ್ರದ್ದು ಹಾಕನ. ಆವಾಗ ಯಾವ ಜೋಡಿನೂ ಒಡೀತಿಲ್ಲೆ” ಅಂದ. ಸರಿಯಾದ ಉತ್ತರ ಅದೇ. ನಾನು ಹೇಳಿಕೊಡಲಿಲ್ಲ, ಅದನ್ನು ಇಲ್ಲಿ ದಾಖಲಿಸಲು ನನಗೆ ಹೆಮ್ಮೆಯಿದೆ.

ಮೂರು ನಾಲ್ಕನೇ ಗೇರುಗಳು ಕೌಂಟರ್ ಶಾಫ್ಟಿಗೆ ಬಿಗಿಯಾಗಿ ಕೂತಿರುತ್ತವೆ. ಅವನ್ನು ಮನೆಯಲ್ಲಿ ತೆಗೆಯಲು ನಾನು ಒಪ್ಪಲಿಲ್ಲ. ಎರಡೂ ಶಾಫ್ಟುಗಳನ್ನು ಗೋಣಿಯಲ್ಲಿ ಸುತ್ತಿ ಶಿರಸಿಗೆ ಒಯ್ದು, ಹೈಡ್ರಾಲಿಕ್ ಪ್ರೆಸ್ ಇದ್ದವರ ಹತ್ತಿರ ಕೀಳಿಸಿ, ಹಾಕಿಸಿಕೊಂಡು ಬಂದೆವು, 600 ರೂಪಾಯಿ. ಸುತ್ತಿಗೆಯಿಂದ ಮಾಡಿದ್ದರೆ ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಸಾಕಿತ್ತು.

ಸ್ಲೀವನ್ನೂ ಅದರ ಒಳಗಿನ ಹಬ್ (ಶಾಫ್ಟಿಗೆ ಕೂತ ನಡುಭಾಗ) ಅನ್ನೂ ಗುಜರಿಯದ್ದೇ ಜೊತೆಯಾಗಿ ತೆಗೆದುಕೊಂಡೆವು, ಬೇರ್ಪಡಿಸುವ ಮೊದಲು ಎರಡಕ್ಕೂ ಅಡ್ಡಲಾಗಿ ಬಣ್ಣದ ಗೆರೆ ಎಳೆದು. ಫೋರ್ಕೂ ಗುಜರಿಯದು. ಸ್ಪ್ರಿಂಗುಗಳನ್ನೂ ಗುಂಡುಗಳನ್ನೂ ಹೊಸದಾಗಿ ತಂದೆವು, ಎಲ್ಲ ಸೇರಿ ಒಂದು ಊಟದ ಖರ್ಚೂ ಆಗಲಿಲ್ಲ. ಒಂದು ಗುಂಡು ಹುಡುಗನ ಕೈಜಾರಿ ಅಂಗಳದ ಕೆಸರಿಗೆ ಬಿತ್ತು. ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿದ ಕೋಲು ಹಿಡಿದು ಮನೆಯವರೆಲ್ಲ ಮುಕ್ಕಾಲು ಗಂಟೆ ಹುಡುಕಿ, ಕೊನೆಗೆ ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು. ಹೇಗಿದ್ದರೂ ಬಾಕ್ಸ್ ಇಳಿದಿದೆಯಲ್ಲ ಎಂದು ಕ್ಲಚ್ ಪ್ಲೇಟನ್ನೂ ಬದಲಿಸಿದೆವು. ಪ್ಲೇಟನ್ನು ನಟ್ಟನಡುವೆ ಕೂರಿಸಲು ಬೇಕಾದ ಉಪಕರಣ ಕೈಯಲ್ಲೇ ಇತ್ತು, ನಮ್ಮ ಹಳೇ ಇನ್‌ಪುಟ್ ಶಾಫ್ಟು. ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ಮೇಲೆ ಜೋತುಬೀಳದಂತೆ ಕೆಳಗಿನಿಂದ ಇಬ್ಬರು ಹೊತ್ತು ಹಿಡಿದಿದ್ದೆವು. ಎರಡನೇ ಪ್ರಯತ್ನಕ್ಕೇ ಕೂತಿತು.

ಆಮೇಲೆ

ಗುಜರಿ ಬಾಕ್ಸು, ಬೇರಿಂಗು, ಸೀಲು, ರಿಂಗು, ಕ್ಲಚ್ ಪ್ಲೇಟು, ಎರಡು ಸಲದ ಆಯಿಲು, ಪ್ರೆಸ್ಸಿನ ಕೂಲಿ, ಓಡಾಟ ಎಲ್ಲ ಸೇರಿ 13 ಸಾವಿರಕ್ಕೆ ಹತ್ತಿರವಾಯಿತು. ಮೊದಲ ಸಲವೇ ಅಳೆದಿದ್ದರೆ ಎರಡು ಸಾವಿರ ರೂಪಾಯಿ, ಎಂಟು ದಿನ ಉಳಿಯುತ್ತಿತ್ತು. ಆ ತಪ್ಪಿನ ಹೊಣೆ ಹುಡುಗನಿಗಿಂತ ನನ್ನದು ಹೆಚ್ಚು. ನನ್ನ ಕಿಸೆಯಲ್ಲೇ ಫೀಲರ್ ಗೇಜ್ ಇತ್ತು. ಗಾಡಿ ಓಡಿಸುವವರು ಹೇಗೆ ಓಡಿಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವುದಕ್ಕೆ ಅರ್ಧ ಗಂಟೆ ಸಾಕು, ಅದನ್ನು ನಾನು ಮೂರನೇ ವಾರಕ್ಕೆ ಮಾಡಿದೆ. ಈಗ ಯಾರೇ ಗೇರ್ ಹಾರುತ್ತದೆ ಎಂದು ಕರೆದರೂ ಮೊದಲು ಹೋಗಿ ಕೂರುವುದು ಡ್ರೈವರಿನ ಪಕ್ಕದ ಸೀಟಿನಲ್ಲಿ.

ಐನೂರು ಕಿಲೋಮೀಟರ್ ಆದ ಮೇಲೆ ಆಯಿಲ್ ಬಸಿದು ನೋಡಿದೆವು. ಹೊಸ ರಿಂಗು ಹೊಂದಿಕೊಳ್ಳುವಾಗ ಬರುವಷ್ಟು ಸಣ್ಣ ಮಿನುಗು ಇತ್ತು, ಲೋಹದ ಚೂರು ಇರಲಿಲ್ಲ. ಆರು ತಿಂಗಳ ಮೇಲೆ ನೋಡಿದಾಗ ಅದೂ ಇರಲಿಲ್ಲ. ಚಳಿಗಾಲದ ಬೆಳಿಗ್ಗೆ, ಆಯಿಲ್ ತಣ್ಣಗಿರುವಾಗ, ಮೂರನೇ ಗೇರ್ ಈಗಲೂ ಸ್ವಲ್ಪ ತಡೆಯುತ್ತದೆ. ಎರಡು ಕಿಲೋಮೀಟರ್ ಹೋದರೆ ಸರಿಯಾಗುತ್ತದೆ. ಅದಕ್ಕಾಗಿ ಮತ್ತೆ ಬಿಚ್ಚುವುದು ಬೇಡ ಎಂದು ಹೇಳಿದ್ದೇನೆ.

ಹಳೇ ಫೋರ್ಕನ್ನು ಹುಡುಗ ನನಗೆ ಕೊಟ್ಟ. ಅದರ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತದೆ, ಇನ್ನೊಂದು ಬದಿಯಲ್ಲಿ ಕಾರ್ಖಾನೆಯ ಉಜ್ಜುಗೆರೆ ಇನ್ನೂ ಹಾಗೇ ಇದೆ. ಕೈ ಒತ್ತುತ್ತಿದ್ದದ್ದು ಯಾವ ಕಡೆಗೆ ಎಂದು ಅದನ್ನು ನೋಡಿದವರು ಯಾರಾದರೂ ಹೇಳಬಲ್ಲರು.

ಕಳೆದ ಮಳೆಗಾಲ ಅದೇ ಗಾಡಿಯಲ್ಲಿ ಕುಮಟೆಗೆ ಹೋಗಿದ್ದೆ. ಹಿಂದೆ ತಾಯಿ ಕೂತಿದ್ದರು. ದೇವಿಮನೆಯ ಮೇಲೆ ಮಂಜು ಇಳಿದಿತ್ತು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಯಜಮಾನರು ಎರಡಕ್ಕೆ ಇಳಿಸಿ ಕಾಲು ತೆಗೆದರು, ಎಂಜಿನ್ ಗಾಡಿಯನ್ನು ಹಿಡಿದುಕೊಂಡಿತು. ಅವರ ಎಡಗೈ ಲಿವರಿನ ಕಡೆಗೆ ಅರ್ಧ ಹೋಗಿ, ತಡೆದು, ಸ್ಟೇರಿಂಗಿಗೆ ವಾಪಸು ಬಂತು.